ಈಗಿಲ್ಲದ ಕಡಲಿಗೊಂದು ಸಿಂಫನಿ

ಹಲಸೂರಿನ ಮರ್ಫಿ ರಸ್ತೆಯಲ್ಲಿ ಒಂದು ಕಾಲಕ್ಕೆ ಫಿಲಿಪ್ಸ್ ಕಂಪನಿಯ ಸಾಫ್ಟ್‌ವೇರ್ ಕಚೇರಿ ಇತ್ತು. ರೇಡಿಯೊ ಕಾಲದವರಿಗೆ ಈ ವಿಳಾಸವೇ ತಮಾಷೆ. ಆಗ ಮರ್ಫಿ, ಫಿಲಿಪ್ಸ್ ಎರಡೂ ಒಂದಕ್ಕೊಂದು ಎದುರಾಳಿ ರೇಡಿಯೊಗಳು. ನಮ್ಮಪ್ಪನಿಗೆ ಫಿಲಿಪ್ಸ್ ಪಕ್ಷ, ಪಕ್ಕದ ಮನೆಯವರಿಗೆ ಮರ್ಫಿ ಪಕ್ಷ. ರಸ್ತೆಯ ಮರ್ಫಿಗೂ ರೇಡಿಯೊ ಮರ್ಫಿಗೂ ನಂಟಿಲ್ಲ ಎಂದು ಆಮೇಲೆ ತಿಳಿಯಿತು, ಆದರೂ ಕೆಲಸಕ್ಕೆ ಸೇರಿದ ದಿನ ಅಪ್ಪ ಅದನ್ನೇ ಹೇಳಿಕೊಂಡು ನಕ್ಕರು. ಅವರು ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಟೆಲಿಫೋನ್ ಜೋಡಿಸುತ್ತಿದ್ದವರು. ನಾನು ಮರ್ಫಿ ರಸ್ತೆಯ ಕಚೇರಿಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದು ನನ್ನ ಕೆಲಸ.

ಫಿಲಿಪ್ಸ್ ಡಚ್ಚರ ಕಂಪನಿ. 1891ರಲ್ಲಿ ಐಂಡ್‌ಹೋವನ್ ಎಂಬ ಊರಿನಲ್ಲಿ ಬಲ್ಬ್ ತಯಾರಿಸಲು ಶುರುವಾದದ್ದು. 1963ರಲ್ಲಿ ಕ್ಯಾಸೆಟ್ ತಂದದ್ದು ಇವರೇ. 1982ರಲ್ಲಿ ಸೋನಿ ಜೊತೆ ಸೇರಿ ಸಿ.ಡಿ.ಯನ್ನು ಅಂಗಡಿಗೆ ತಂದದ್ದೂ ಇವರೇ. ಇವರದೊಂದು ರೆಕಾರ್ಡ್ ಲೇಬಲ್ಲೂ ಇತ್ತು. ಆಮ್ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಗೆಬೌ ವಾದ್ಯವೃಂದ ನುಡಿಸಿದ ಮಾಲರ್, ಬ್ರುಕ್ನರ್, ಬೀಥೋವನ್ ಲೋಕಕ್ಕೆಲ್ಲ ಹೋದದ್ದು ಬಹುಪಾಲು ಆ ಲೇಬಲ್ಲಿನ ಮೇಲೆಯೇ. ಐಂಡ್‌ಹೋವನ್‌ನಿಂದ ಬರುತ್ತಿದ್ದ ಸಹೋದ್ಯೋಗಿಗಳು ಚೀಸ್, ಬಿಸ್ಕತ್ತು ತರುವುದು ವಾಡಿಕೆ. ಒಬ್ಬ ಹಿರಿಯರು ಮಾತ್ರ ಒಂದು ಸಿ.ಡಿ. ತಂದುಕೊಟ್ಟರು. ಮಾಲರ್ ಅಲ್ಲ, ಬೀಥೋವನ್ ಅಲ್ಲ. ಕಾರ್ನೆಲಿಸ್ ಡೊಪ್ಪರ್. ‘ನಮ್ಮೂರಲ್ಲೂ ಈಗ ಇವನನ್ನು ಕೇಳುವವರಿಲ್ಲ, ನೀನಾದರೂ ಕೇಳು’ ಎಂದರು. ಅಲ್ಲಿಂದ ನನಗೆ ಈ ಗೀಳು ಹತ್ತಿತು.

ಸಿಂಫನಿ ಎಂದರೆ ಏನು ಎಂಬುದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಇಳಯರಾಜಾ 2025ರ ಮಾರ್ಚ್ 8ರಂದು ಲಂಡನ್‌ನಲ್ಲಿ ತಮ್ಮ ‘ವೇಲಿಯಂಟ್’ ಸಿಂಫನಿಯನ್ನು ನುಡಿಸಿಸಿದಾಗಿನಿಂದ ಹಲಸೂರಿನ ಆಟೊ ಚಾಲಕರಿಗೂ ಈ ಪದ ಪರಿಚಯ. ಸಾಮಾನ್ಯವಾಗಿ ಹಾಡುವವರಿಲ್ಲ, ಸಾಹಿತ್ಯವಿಲ್ಲ. ಅರವತ್ತರಿಂದ ನೂರು ಮಂದಿ ವಾದಕರು: ಪಿಟೀಲು, ವಿಯೋಲಾ, ಚೆಲ್ಲೊ, ಕೊಳಲು, ಓಬೊ, ಕ್ಲಾರಿನೆಟ್, ಹಾರ್ನ್, ಟ್ರಂಪೆಟ್, ಟಿಂಪನಿ. ಪ್ರತಿ ಸ್ವರವೂ ಬರೆದಿಟ್ಟದ್ದು, ನಮ್ಮ ಮನೋಧರ್ಮಕ್ಕೆ ಅಲ್ಲಿ ಜಾಗವಿಲ್ಲ. ಹೆಚ್ಚಾಗಿ ನಾಲ್ಕು ಭಾಗ. ಮೊದಲನೆಯದು ವೇಗ, ಎರಡನೆಯದು ನಿಧಾನ, ಮೂರನೆಯದಕ್ಕೆ ಕುಣಿತದ ನಡೆ, ಕೊನೆಯದು ಮತ್ತೆ ವೇಗ. ಒಟ್ಟು ಅರ್ಧ ಗಂಟೆಯಿಂದ ಒಂದು ಗಂಟೆ.

ತಂಬೂರಿ ಕೇಳಿ ಬೆಳೆದ ನಮ್ಮಂಥವರಿಗೆ ತೊಡಕಾಗುವುದು ಬೇರೆಡೆ. ಅಲ್ಲಿ ಷಡ್ಜ ಒಂದೇ ಕಡೆ ನಿಲ್ಲುವುದಿಲ್ಲ. ನಮ್ಮ ವಿದ್ವಾಂಸರು ಗ್ರಹಭೇದ ಮಾಡುವಾಗ ರಾಗದ ನಡುವೆ ಬೇರೊಂದು ಸ್ವರವನ್ನು ಆಧಾರವಾಗಿ ಹಿಡಿದು, ಇನ್ನೊಂದು ರಾಗದ ನೆರಳು ತೋರಿಸಿ, ಸಭೆ ತಲೆದೂಗುವಷ್ಟರಲ್ಲಿ ಹಿಂದಿರುಗುತ್ತಾರೆ. ಸಿಂಫನಿಯಲ್ಲಿ ಅದೇ ಮುಖ್ಯ ಕಸುಬು. ಆಧಾರಸ್ವರ ಮನೆ ಬಿಟ್ಟು ಹೊರಡುತ್ತದೆ, ದೂರದ ಊರುಗಳನ್ನು ಸುತ್ತುತ್ತದೆ, ಕೊನೆಗೆ ಮನೆ ಸೇರುತ್ತದೆ. ಆ ಹಿಂದಿರುಗುವ ಗಳಿಗೆಯನ್ನು ಕಿವಿ ಗುರುತಿಸಿತೆಂದರೆ ಅರ್ಧ ಸಿಂಫನಿ ದಕ್ಕಿದ ಹಾಗೆ. ಅದಕ್ಕೆ ಒಂದೇ ಸಿಂಫನಿಯನ್ನು ಮತ್ತೆ ಮತ್ತೆ ಕೇಳಬೇಕು. ಬೀಥೋವನ್ನನ ಐದನೆಯದನ್ನು ಎಲ್ಲರೂ ಮೆಚ್ಚುವುದು ಅದು ದೊಡ್ಡ ಕೃತಿ ಎಂಬುದಕ್ಕೆ ಮಾತ್ರವಲ್ಲ, ಅದು ಎಲ್ಲರಿಗೂ ಕೇಳಿ ಕೇಳಿ ಗೊತ್ತಿರುವುದಕ್ಕೂ ಹೌದು. ಒಂದೇ ಸಲ ನುಡಿಸಿ ಕಪಾಟಿಗೆ ಸೇರಿಸಿದ ಸಿಂಫನಿಗೆ ಆ ಅನುಕೂಲ ಎಂದೂ ಸಿಗುವುದಿಲ್ಲ. ಡಚ್ ಸಂಗೀತಗಾರರ ಕಥೆಯೆಲ್ಲ ಬಹುತೇಕ ಇಷ್ಟೇ.

ಡೊಪ್ಪರ್ ಹುಟ್ಟಿದ್ದು 1870ರಲ್ಲಿ, ನೆದರ್‌ಲ್ಯಾಂಡ್ಸ್‌ನ ಉತ್ತರದ ಸ್ಟಾಡ್ಸ್‌ಕನಾಲ್‌ನಲ್ಲಿ. ಓದಿದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಒಂದೆರಡು ವರ್ಷ ಒಪೆರಾ ಕಂಪನಿಯೊಂದರ ಜೊತೆ ಅಮೆರಿಕ ಸುತ್ತಿ, 1908ರಲ್ಲಿ ಕಾನ್ಸರ್ಟ್‌ಗೆಬೌ ವಾದ್ಯವೃಂದಕ್ಕೆ ಎರಡನೇ ಕಂಡಕ್ಟರ್ ಆಗಿ ಸೇರಿದ. 1931ರವರೆಗೂ ಎರಡನೆಯವನಾಗಿಯೇ ಉಳಿದ. ಮೊದಲನೆಯವನು ವಿಲ್ಲೆಮ್ ಮೆಂಗಲ್‌ಬರ್ಗ್. ರಿಚರ್ಡ್ ಸ್ಟ್ರಾಸ್ ತನ್ನ ಕೃತಿಯೊಂದನ್ನು ಈ ಮೆಂಗಲ್‌ಬರ್ಗ್‌ಗೂ ಅವನ ವಾದ್ಯವೃಂದಕ್ಕೂ ಅರ್ಪಿಸಿದ್ದಾನೆ, ಅಷ್ಟು ದೊಡ್ಡ ಹೆಸರು. ಅಂಥವನ ನೆರಳಿನಲ್ಲಿ ಕೂತು ಡೊಪ್ಪರ್ ಏಳು ಸಿಂಫನಿ ಬರೆದ. ಮೂರನೆಯದಕ್ಕೆ ಚಿತ್ರಕಾರ ರೆಂಬ್ರಾಂಟ್‌ನ ಹೆಸರು, ಆರನೆಯದಕ್ಕೆ ಆಮ್ಸ್ಟರ್‌ಡ್ಯಾಮ್ ನಗರದ ಹೆಸರು, 1917ರಲ್ಲಿ ಬರೆದ ಏಳನೆಯದಕ್ಕೆ ಜೌಡರ್‌ಜೇ ಕಡಲಿನ ಹೆಸರು.

ನಾನು ಹಚ್ಚಿಕೊಂಡದ್ದು ಈ ಏಳನೆಯದನ್ನು. ಜೌಡರ್‌ಜೇ ಎಂಬುದು ಉತ್ತರ ಸಮುದ್ರದಿಂದ ದೇಶದ ನಡುವಿಗೆ ಚಾಚಿಕೊಂಡಿದ್ದ ಕೊಲ್ಲಿ. ಆಳವಿಲ್ಲದ ಉಪ್ಪುನೀರು, ದಡದ ತುಂಬ ಮೀನುಗಾರರ ಹಳ್ಳಿಗಳು, ಆಗಾಗ ಊರಿಗೆ ನುಗ್ಗುವ ಅಲೆ. 1916ರ ಜನವರಿಯಲ್ಲಿ ದೊಡ್ಡ ಪ್ರವಾಹ ಬಂತು. 1918ರ ಜೂನ್‌ನಲ್ಲಿ ಆ ಕಡಲನ್ನೇ ಮುಚ್ಚಿಬಿಡುವ ಕಾನೂನು ಪಾಸಾಯಿತು. ಕಾರ್ನೆಲಿಸ್ ಲೇಲಿ ಎಂಬ ಎಂಜಿನಿಯರ್ ಹಾಕಿದ ನಕ್ಷೆ. ಬಾಯಿಗೆ ಅಡ್ಡಲಾಗಿ 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿದರು. 1932ರ ಮೇ ತಿಂಗಳಲ್ಲಿ ಕೊನೆಯ ಕಿಂಡಿಯೂ ಮುಚ್ಚಿತು. ಕಡಲು ಸಿಹಿನೀರಿನ ಸರೋವರವಾಯಿತು, ಅದರಲ್ಲಿ ಒಂದು ದೊಡ್ಡ ಭಾಗ ಆಮೇಲೆ ಹೊಲವೂ ಊರೂ ಆಯಿತು. ಡೊಪ್ಪರ್ ತೀರಿಕೊಂಡದ್ದು 1939ರಲ್ಲಿ. ತಾನು ಸಿಂಫನಿ ಬರೆದ ಕಡಲು ಇಲ್ಲವಾದದ್ದನ್ನು ಕಣ್ಣಾರೆ ನೋಡಿಯೇ ಹೋದ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿದೆ; ಕರಗದ ಪೂಜೆಗೆಂದು ಉಳಿಸಿದ ಒಂದು ಸಣ್ಣ ಕೊಳ ಮಾತ್ರ ಅದರ ಗುರುತು. ಶೂಲೆ ಕೆರೆ ಫುಟ್‌ಬಾಲ್ ಮೈದಾನ. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನ. ಡಚ್ಚರು ಜೀವ ಉಳಿಸಿಕೊಳ್ಳಲು ಕಡಲನ್ನು ಮುಚ್ಚಿದರು, ನಾವು ಯಾತಕ್ಕೆ ಕೆರೆ ಮುಚ್ಚಿದೆವು ಎಂಬುದು ಬೇರೆ ಲೇಖನದ ವಿಷಯ. ಆದರೆ ಹಲಸೂರು ಕೆರೆಯ ದಂಡೆಯಲ್ಲಿ ಈ ಸಿಂಫನಿಯನ್ನು ಕಿವಿಗೆ ಹಾಕಿಕೊಂಡು ನಡೆಯುವಾಗ ಅದು ನನಗೆ ಡಚ್ ಸಂಗೀತವಾಗಿ ಕೇಳಿಸುವುದಿಲ್ಲ. ಜನಪದದ ಧಾಟಿಗಳು, ತುಂಟತನದ ಒಂದು ಕುಣಿತ, ಕೊಂಬುಗಳ ದೊಡ್ಡ ದನಿ; ಎಲ್ಲೂ ಹೊಸತನದ ಹಠವಿಲ್ಲ. ಇದು ಮೊದಲ ದರ್ಜೆಯ ಸಂಗೀತವೇ ಎಂದು ಕೇಳಿದರೆ ಅಲ್ಲ ಎನ್ನುತ್ತೇನೆ. ಎರಡನೇ ದರ್ಜೆಯ ಬಹಳ ಒಳ್ಳೆಯ ಸಂಗೀತ. ನಾವು ಓದುವ ಕಾದಂಬರಿಗಳಲ್ಲಿ, ನೋಡುವ ಸಿನಿಮಾಗಳಲ್ಲಿ ಹತ್ತಕ್ಕೆ ಒಂಬತ್ತು ಆ ದರ್ಜೆಗೂ ಏರುವುದಿಲ್ಲ. ಸಂಗೀತದಲ್ಲಿ ಮಾತ್ರ ಶಿಖರಗಳಲ್ಲದೆ ಬೇರೆ ಬೇಡ ಎನ್ನುವುದು ಯಾಕೆ?

ಈ ಸಿಂಫನಿಗೆ ಒಂದು ಗಲಾಟೆಯ ಚರಿತ್ರೆಯೂ ಇದೆ. 1918ರ ನವೆಂಬರ್ 24. ಮಹಾಯುದ್ಧ ಮುಗಿದು ಎರಡು ವಾರವೂ ಆಗಿಲ್ಲ. ಆ ತಿಂಗಳ ನಡುವಿನಲ್ಲಿ ಟ್ರೂಲ್‌ಸ್ಟ್ರಾ ಎಂಬ ಸಮಾಜವಾದಿ ನಾಯಕ ಕಾರ್ಮಿಕರು ಅಧಿಕಾರ ಹಿಡಿಯಬೇಕೆಂದು ಗುಡುಗಿ, ಕ್ರಾಂತಿ ಟುಸ್ಸಾಗಿ, ಊರೆಲ್ಲ ಇನ್ನೂ ಬೆಚ್ಚಿಕೊಂಡಿದ್ದ ಹೊತ್ತು. ಕಾನ್ಸರ್ಟ್‌ಗೆಬೌ ಸಭಾಂಗಣದಲ್ಲಿ ಡೊಪ್ಪರ್‌ನ ಏಳನೇ ಸಿಂಫನಿ ಮುಗಿದು ಚಪ್ಪಾಳೆ ಬೀಳುತ್ತಿರುವಾಗ ಒಬ್ಬ ಎದ್ದು ‘ಸೂಸಾಗೆ ಜಯವಾಗಲಿ’ ಎಂದು ಕೂಗಿದ. ಸೂಸಾ ಎಂದರೆ ಅಮೆರಿಕದ ಬ್ಯಾಂಡ್ ಮಾರ್ಚುಗಳ ರಾಜ. ಇದೂ ಒಂದು ಸಿಂಫನಿಯೇ, ಇದಕ್ಕಿಂತ ಬ್ಯಾಂಡ್ ಮೇಲು ಎಂಬುದು ಕೂಗಿದವನ ಕೊಂಕು. ಸಭೆಯಲ್ಲಿ ಹಲವರಿಗೆ ಅದು ‘ಟ್ರೂಲ್‌ಸ್ಟ್ರಾಗೆ ಜಯವಾಗಲಿ’ ಎಂದು ಕೇಳಿಸಿತು. ಕ್ರಾಂತಿಯೇ ಸಭಾಂಗಣಕ್ಕೆ ನುಗ್ಗಿತೆಂದು ಗದ್ದಲವೆದ್ದಿತು.

ಕೂಗಿದವನು ‘ಡಿ ಟೆಲಿಗ್ರಾಫ್’ ಪತ್ರಿಕೆಯ ಸಂಗೀತ ವಿಮರ್ಶಕ ಮಟೈಸ್ ವರ್ಮ್ಯೂಲೆನ್. ಅವನೂ ಸಿಂಫನಿ ಬರೆಯುತ್ತಿದ್ದ. ಅವನ ಮೊದಲನೆಯದನ್ನು ಮೆಂಗಲ್‌ಬರ್ಗ್ ತಿರಸ್ಕರಿಸಿದ್ದ. ಕೂಗಿನಲ್ಲಿ ಸಂಗೀತ ಎಷ್ಟು, ಹೊಟ್ಟೆಯ ಸಂಕಟ ಎಷ್ಟು ಎಂದು ತೂಗುವುದು ಕಷ್ಟ. ಒಂದು ಮಾತು ಹೇಳಬೇಕು: ಕಂಟೋನ್ಮೆಂಟಿನ ಕಡೆ ಬೆಳೆದವರಿಗೆ ಸೂಸಾ ಎಂಬುದು ಬೈಗುಳವಾಗುವುದಿಲ್ಲ. ಹಲಸೂರಿನ ಎಂ.ಇ.ಜಿ. ಸೈನಿಕರ ಬ್ಯಾಂಡು, ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಪೊಲೀಸ್ ಬ್ಯಾಂಡು, ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟು, ಇವುಗಳಿಂದಲೇ ನಮಗೆ ಟ್ರಂಪೆಟ್, ಕ್ಲಾರಿನೆಟ್ಟಿನ ದನಿ ಗೊತ್ತಾದದ್ದು. ಡೊಪ್ಪರ್ ಬ್ಯಾಂಡಿನ ಹಾಗೆ ಕೇಳಿಸುತ್ತಾನೆ ಎಂದರೆ ನಮ್ಮ ಕಡೆ ಅದು ಶಿಫಾರಸು.

ಹಾಗೆಂದು ವರ್ಮ್ಯೂಲೆನ್‌ನನ್ನು ತಳ್ಳಿಹಾಕುವಂತಿಲ್ಲ. ಇಬ್ಬರಲ್ಲಿ ದೊಡ್ಡವನು ಅವನೇ. ಹೆಲ್ಮಂಡ್ ಊರಿನ ಕಮ್ಮಾರನ ಮಗ, ಹುಟ್ಟಿದ್ದು 1888ರಲ್ಲಿ. ಗಲಾಟೆಯ ಬಳಿಕ ತಾಯ್ನಾಡಿನಲ್ಲಿ ತನ್ನ ಸಂಗೀತಕ್ಕೆ ದಾರಿ ಇಲ್ಲವೆಂದು ಖಾತ್ರಿಯಾಗಿ 1921ರಲ್ಲಿ ಫ್ರಾನ್ಸಿಗೆ ಹೊರಟ. ಅಲ್ಲಿ ಹೊಟ್ಟೆಪಾಡಿಗೆ, ಜಾವಾ ದ್ವೀಪದ ಸುರಬಯದಲ್ಲಿ ಅಚ್ಚಾಗುತ್ತಿದ್ದ ಡಚ್ ಪತ್ರಿಕೆಯೊಂದಕ್ಕೆ ಪ್ಯಾರಿಸ್ ಪತ್ರ ಬರೆದು ಕಳಿಸುತ್ತಿದ್ದ. ಒಟ್ಟು ಏಳು ಸಿಂಫನಿ ಬರೆದ, ಅವನೂ. 1920ರಲ್ಲಿ ಬರೆದು ಮುಗಿಸಿದ ಎರಡನೆಯದನ್ನು ಜನ ಕೇಳಲು 1950ರ ದಶಕ ಬರಬೇಕಾಯಿತು. 1953ರಲ್ಲಿ ಬ್ರಸೆಲ್ಸ್‌ನ ರಾಣಿ ಎಲಿಜಬೆತ್ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ಮೂರನೆಯದನ್ನು 1939ರಲ್ಲಿ ಎಡುವಾರ್ಡ್ ವಾನ್ ಬೈನಮ್ ಅದೇ ಕಾನ್ಸರ್ಟ್‌ಗೆಬೌನಲ್ಲಿ ನುಡಿಸಿದ. 1944ರಲ್ಲಿ ಹೆಂಡತಿ ತೀರಿಕೊಂಡಳು, ಫ್ರೆಂಚ್ ಸೈನ್ಯ ಸೇರಿದ್ದ ಮಗ ಯುದ್ಧದಲ್ಲಿ ಸತ್ತ. ಆ ವರ್ಷಗಳಲ್ಲೇ ಬರೆದ ನಾಲ್ಕನೆಯ, ಐದನೆಯ ಸಿಂಫನಿಗಳ ಹೆಸರುಗಳಲ್ಲಿ ಗೆಲುವು, ಹಾಡುವ ನಾಳೆಗಳು ಇವೆ.

ಇವನ ಎರಡನೇ ಸಿಂಫನಿ ಕೇಳುವುದು ಸುಲಭವಲ್ಲ. ಒಂದು ಮುಖ್ಯ ರಾಗ, ಉಳಿದದ್ದೆಲ್ಲ ಪಕ್ಕವಾದ್ಯ ಎಂಬ ಏರ್ಪಾಡೇ ಇವನಿಗೆ ಒಪ್ಪಿಗೆಯಿಲ್ಲ. ಐದಾರು ರಾಗಗಳು ಒಟ್ಟಿಗೇ ಓಡುತ್ತವೆ, ಒಂದೊಂದಕ್ಕೂ ಅದರದೇ ಗುರಿ. ಸೆಪ್ಟೆಂಬರ್ 8ರ ಸಂಜೆ ಸೇಂಟ್ ಮೇರಿ ಬೆಸಿಲಿಕಾದ ತೇರು ಹೊರಟಾಗ ಶಿವಾಜಿನಗರದ ಬಸ್ ನಿಲ್ದಾಣದ ಕಡೆ ನಿಂತು ನೋಡಿ: ಒಂದು ಕಡೆ ಪ್ರಾರ್ಥನೆಯ ಹಾಡು, ಇನ್ನೊಂದು ಕಡೆ ಬ್ಯಾಂಡು, ಮಸೀದಿಯ ಆಜಾನ್, ಕಂಡಕ್ಟರುಗಳ ಕೂಗು. ಯಾವುದೂ ಇನ್ನೊಂದಕ್ಕೆ ಪಕ್ಕವಾದ್ಯವಲ್ಲ, ಆದರೂ ಎಲ್ಲ ಸೇರಿ ಒಂದೇ ಊರಿನ ಸದ್ದು. ಆ ಕಿವಿ ಇಟ್ಟುಕೊಂಡು ಕೇಳಿದರೆ ವರ್ಮ್ಯೂಲೆನ್ ಬಿಡಿಸಿಕೊಳ್ಳುತ್ತಾನೆ. 1920ರಲ್ಲಿ ಇದನ್ನು ಒಬ್ಬ ಬರೆದನೆಂಬುದೇ ನನಗೆ ಆಶ್ಚರ್ಯ.

ಡಚ್ಚರಿಗೆ ತಮ್ಮವರ ಮೇಲೆ ಯಾಕಿಷ್ಟು ಉದಾಸೀನ? ಕಾರಣ ಹಳೆಯದು. ಸ್ವೇಲಿಂಕ್ ಎಂಬ ಆರ್ಗನ್ ವಾದಕ 1621ರಲ್ಲಿ ತೀರಿಕೊಂಡ; ಅಲ್ಲಿಗೆ ಮುಗಿಯಿತು ಎಂಬಂತೆ ಎರಡು ಶತಮಾನ ಆ ದೇಶದಿಂದ ದೊಡ್ಡ ಹೆಸರು ಬರಲಿಲ್ಲ. ಅದು ವರ್ತಕರ ಗಣರಾಜ್ಯ, ಸಂಗೀತ ಸಾಕುವ ವೈಭವದ ಅರಮನೆಗಳಿರಲಿಲ್ಲ. ಕ್ಯಾಲ್ವಿನ್ ಪಂಥದ ಚರ್ಚಿಗೆ ಆಡಂಬರದ ಸಂಗೀತ ಬೇಕಿರಲಿಲ್ಲ. ಹಣವೆಲ್ಲ ಚಿತ್ರಗಳಿಗೆ ಹೋಯಿತು, ಚಿತ್ರಕಲೆ ಬೆಳೆಯಿತು. 19ನೇ ಶತಮಾನದಲ್ಲಿ ಸಂಗೀತ ಕಲಿಯುವ ಡಚ್ಚರೆಲ್ಲ ಲೈಪ್‌ಜಿಗ್ ರೈಲು ಹತ್ತುವವರೇ. ಯೊಹಾನೆಸ್ ವೆರ್ಹುಲ್ಸ್ಟ್ ಅಂಥವನೊಬ್ಬ, ಶೂಮನ್‌ನ ಗೆಳೆಯ. ಅವನ ಒಂದೇ ಒಂದು ಸಿಂಫನಿ ಸೊಗಸಾಗಿದೆ. ಆದರೆ ಊರಿಗೆ ಮರಳಿ ಅಧಿಕಾರ ಸಿಕ್ಕ ಮೇಲೆ ವಾಗ್ನರ್, ಲಿಸ್ಟ್ ಯಾರನ್ನೂ ಒಳಗೆ ಬಿಟ್ಟುಕೊಳ್ಳದೆ ಕಾಲದ ಹಿಂದೆ ನಿಂತುಬಿಟ್ಟ. ಅವನಿಗೂ ಮುಂಚಿನ ವಿಲ್ಮ್ಸ್ ಜರ್ಮನಿಯಿಂದ ಆಮ್ಸ್ಟರ್‌ಡ್ಯಾಮಿಗೆ ಬಂದು ನೆಲೆಸಿದವನು. 1932ರವರೆಗೆ ನೆದರ್‌ಲ್ಯಾಂಡ್ಸ್‌ನ ರಾಷ್ಟ್ರಗೀತೆಯಾಗಿದ್ದದ್ದು ಅವನ ಧಾಟಿ. ಶಾಲೆಯ ಮಕ್ಕಳೆಲ್ಲ ಹಾಡುತ್ತಿದ್ದ ಧಾಟಿ ಕಟ್ಟಿದವನ ಸಿಂಫನಿಗಳು ಮಾತ್ರ ಯಾರಿಗೂ ಗೊತ್ತಿಲ್ಲ. ಬರ್ನಾರ್ಡ್ ಜ್ವೇರ್ಸ್ 1890ರ ಹೊತ್ತಿಗೆ ‘ನನ್ನ ತಾಯ್ನಾಡಿಗೆ’ ಎಂಬ ಸಿಂಫನಿ ಬರೆದ. ಕಾಡು, ಹಳ್ಳಿ, ಕಡಲತೀರ, ರಾಜಧಾನಿ ಎಂದು ನಾಲ್ಕು ಭಾಗ, ಉದ್ದ ಒಂದು ಗಂಟೆ. ಉದ್ದ ಸ್ವಲ್ಪ ಹೆಚ್ಚೇ ಆಯಿತು.

1888ರ ಏಪ್ರಿಲ್ 11ರಂದು ಕಾನ್ಸರ್ಟ್‌ಗೆಬೌ ಸಭಾಂಗಣ ತೆರೆಯಿತು. ಜಗತ್ತಿನ ಅತ್ಯುತ್ತಮ ವಾದ್ಯವೃಂದಗಳಲ್ಲಿ ಒಂದು ಅಲ್ಲಿ ಬೆಳೆಯಿತು. ಮೆಂಗಲ್‌ಬರ್ಗ್ 1920ರಲ್ಲಿ ಮಾಲರ್ ಉತ್ಸವವನ್ನೇ ನಡೆಸಿದ. ವಿಯೆನ್ನಾದ ಒಬ್ಬ ಸಂಗೀತಗಾರನಿಗೆ ಆಮ್ಸ್ಟರ್‌ಡ್ಯಾಮ್ ತವರಾಯಿತು, ಆಮ್ಸ್ಟರ್‌ಡ್ಯಾಮಿನವರು ಅಲ್ಲೇ ಅತಿಥಿಗಳಾದರು. ಆ ಸಭಾಂಗಣದ ಗೋಡೆಗಳ ಮೇಲೆ ಬಾಖ್, ಬೀಥೋವನ್ ಜೊತೆಗೆ ಡೊಪ್ಪರ್, ಜ್ವೇರ್ಸ್, ಯೂಲಿಯಸ್ ರಾಂಟ್‌ಜೆನ್ ಹೆಸರುಗಳನ್ನೂ ಬರೆದಿದ್ದಾರೆ. ಗೋಡೆಯ ಮೇಲೆ ಹೆಸರಿದೆ, ಕಛೇರಿಗಳ ಪಟ್ಟಿಯಲ್ಲಿಲ್ಲ. 1969ರ ನವೆಂಬರ್ 17ರಂದು ಲೂಯಿ ಆಂಡ್ರೀಸನ್, ಪೀಟರ್ ಶಾಟ್ ಮುಂತಾದ ತರುಣ ಸಂಗೀತಗಾರರು ಅದೇ ಸಭಾಂಗಣಕ್ಕೆ ಮಕ್ಕಳು ಟಿಕ್ ಟಿಕ್ ಅನ್ನಿಸುವ ತಗಡಿನ ಆಟಿಕೆ ಹಿಡಿದುಕೊಂಡು ಹೋಗಿ ಕಛೇರಿಯನ್ನೇ ನಿಲ್ಲಿಸಿದರು. ಅವರ ಬೇಡಿಕೆ ಹೊಸ ಸಂಗೀತ ನುಡಿಸಿ ಎಂಬುದು. ಹಳೆಯ ಡೊಪ್ಪರ್‌ಗಾಗಿ ಯಾರೂ ಆಟಿಕೆ ಬಾರಿಸಲಿಲ್ಲ.

ನಡುವೆ ಇನ್ನೊಂದು ಯುದ್ಧ ಬಂತು. 1900ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಲಿಯೊ ಸ್ಮಿಟ್ ಯಹೂದಿ. 1936ರಲ್ಲಿ ಲವಲವಿಕೆಯ ಒಂದು ಸಿಂಫನಿ ಮುಗಿಸಿದ್ದ. 1943ರ ಏಪ್ರಿಲ್ 30ರಂದು ನಾತ್ಸಿಗಳು ಅವನನ್ನು ಸೋಬಿಬೋರ್ ಶಿಬಿರದಲ್ಲಿ ಕೊಂದರು. ಅದೇ ವರ್ಷ ಫೆಬ್ರವರಿಯಲ್ಲಿ ಅವನು ಮುಗಿಸಿದ ಕೊನೆಯ ಕೃತಿ ಕೊಳಲು ಮತ್ತು ಪಿಯಾನೊಗೆ ಬರೆದ ಸೊನಾಟಾ. ನಾಲ್ಕು ಸಿಂಫನಿ ಮುಗಿಸಿದ್ದ ಯಾನ್ ವಾನ್ ಗಿಲ್ಸೆ ಭೂಗತ ಪ್ರತಿರೋಧಕ್ಕೆ ಇಳಿದ. ಇಬ್ಬರು ಗಂಡುಮಕ್ಕಳೂ ಅದರಲ್ಲೇ ಸತ್ತರು, 1944ರಲ್ಲಿ ತಾನೂ ತೀರಿಕೊಂಡ. ಜಾವಾದ ಬಾಂಡುಂಗ್‌ನಲ್ಲಿ ಹುಟ್ಟಿದ ಹೆಂಕ್ ಬಾಡಿಂಗ್ಸ್ ಇನ್ನೊಂದು ದಾರಿ ಹಿಡಿದ. ನಾತ್ಸಿ ಆಕ್ರಮಣದ ಕಾಲದಲ್ಲಿ ಹೇಗ್ ನಗರದ ಸಂಗೀತ ಶಾಲೆಯ ಮುಖ್ಯಸ್ಥನಾಗಿ, ಯುದ್ಧ ಮುಗಿದ ಮೇಲೆ ನಿಷೇಧ ಅನುಭವಿಸಿದ. ಮೆಂಗಲ್‌ಬರ್ಗ್‌ಗೂ ಅದೇ ಗತಿ. ಹೀಗೆ ಕೆಲವರು ಇಲ್ಲವಾದರು, ಕೆಲವರ ಹೆಸರು ಹೇಳುವುದು ಮುಜುಗರವಾಯಿತು, ಉಳಿದವರು ಹಳಬರಾದರು.

ಸಂಗೀತಕ್ಕೆ ಹೊರಗಿನದಾದ ಒಂದು ಕಾರಣವೂ ಇದೆ. ಸಿಂಫನಿ ನುಡಿಸಬೇಕಾದರೆ ಕಂಡಕ್ಟರ್ ಮುಂದೆ ಇಡುವ ಪೂರ್ಣ ಪ್ರತಿ ಒಂದಿದ್ದರೆ ಸಾಲದು. ಓಬೊದವನಿಗೆ ಓಬೊದ ಹಾಳೆ, ಹಾರ್ನಿನವನಿಗೆ ಹಾರ್ನಿನ ಹಾಳೆ, ಪ್ರತಿ ವಾದಕನಿಗೂ ಬೇರೆ ಬೇರೆ ಪ್ರತಿ ಬರೆಸಿ, ತಪ್ಪು ತಿದ್ದಿಸಿ, ಅಚ್ಚು ಹಾಕಿಸಬೇಕು. ಅಚ್ಚಾಗದ ಸಿಂಫನಿಗೆ ಯಾವ ಕಂಡಕ್ಟರೂ ಕೈಹಾಕುವುದಿಲ್ಲ. ಈ ಕೆಲಸಕ್ಕೆಂದೇ ನೆದರ್‌ಲ್ಯಾಂಡ್ಸ್‌ನಲ್ಲಿ ಡೋನೆಮಸ್ ಎಂಬ ಸಂಸ್ಥೆ ಹುಟ್ಟಿದ್ದು 1947ರಲ್ಲಿ.

ಅದೇ ವರ್ಷ, ಬೆಂಗಳೂರು ಅರಮನೆಯೂ ಯಾರ ಒಡೆತನದಲ್ಲಿತ್ತೋ ಆ ಮೈಸೂರಿನ ಮಹಾರಾಜರ ಹಣದಲ್ಲಿ ಲಂಡನ್‌ನಲ್ಲಿ ಒಂದು ಕೆಲಸ ನಡೆಯುತ್ತಿತ್ತು. ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರೆಂದು ನಮಗೆ ಗೊತ್ತು. ಅವರು ಪಾಶ್ಚಾತ್ಯ ಪಿಯಾನೊವನ್ನೂ ಗಂಭೀರವಾಗಿ ಕಲಿತವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಆಗ ಲಂಡನ್‌ನಲ್ಲಿ ಹೃದಯದ ಕಾಯಿಲೆ, ಹಣದ ಅಡಚಣೆಗಳ ನಡುವೆ ಮರೆಯಾಗುತ್ತಿದ್ದ. ಒಡೆಯರ್ ಮೆಟ್ನರ್ ಸೊಸೈಟಿ ಸ್ಥಾಪಿಸಿ, ಆ ಮುದುಕನೇ ಪಿಯಾನೊ ನುಡಿಸಿ ತನ್ನ ಮೂರು ಕಾನ್ಚೆರ್ಟೊಗಳನ್ನೂ ಹಲವು ಕೃತಿಗಳನ್ನೂ ರೆಕಾರ್ಡ್ ಮಾಡುವ ಹಾಗೆ ಮಾಡಿದರು. ಮೆಟ್ನರ್ ತನ್ನ ಮೂರನೇ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ, 1951ರಲ್ಲಿ ತೀರಿಕೊಂಡ. 1950ರ ಮೇ 22ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಕೇಳಿಬಂದದ್ದಕ್ಕೂ ಹಣದ ಭರವಸೆ ಮೈಸೂರಿನದೇ. ಇಂದು ಮೆಟ್ನರ್‌ನನ್ನು ದೊಡ್ಡ ದೊಡ್ಡ ಪಿಯಾನೊ ವಾದಕರು ನುಡಿಸುತ್ತಾರೆ. ಆ ರೆಕಾರ್ಡುಗಳು ಇಲ್ಲದಿದ್ದರೆ ಅವನ ಕೈ ಹೇಗೆ ಓಡುತ್ತಿತ್ತು ಎಂಬುದು ನಮಗೆ ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ. ವರ್ಮ್ಯೂಲೆನ್‌ಗೆ ಅಂಥ ಒಬ್ಬ ಮಹಾರಾಜ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ.

ಒಡೆಯರ್ ಅವರ ಸೋದರಿ ವಿಜಯಾ ದೇವಿಯವರು 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಆ್ಯಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು. 1987ರಲ್ಲಿ ಅರುಣಾ ಸುಂದರ್‌ಲಾಲ್ ಅವರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಬಂತು. ಕಬ್ಬನ್ ರಸ್ತೆಯ ಸೇಂಟ್ ಆ್ಯಂಡ್ರೂಸ್ ಚರ್ಚಿನಲ್ಲಿ 1881ರ ಪೈಪ್ ಆರ್ಗನ್ ಇದೆ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ. ಇಷ್ಟಿದ್ದೂ ದೊಡ್ಡ ಡಚ್ ಸಿಂಫನಿಯೊಂದನ್ನು ಈ ಊರಿನಲ್ಲಿ ಎದುರು ಕೂತು ಕೇಳುವ ದಿನವನ್ನು ನಾನು ನಿರೀಕ್ಷಿಸುತ್ತಿಲ್ಲ. ಡೊಪ್ಪರ್‌ಗೆ ಆಮ್ಸ್ಟರ್‌ಡ್ಯಾಮಿನಲ್ಲೇ ಜಾಗವಿಲ್ಲದಿರುವಾಗ ಬೆಂಗಳೂರನ್ನು ದೂರುವುದು ಸರಿಯಲ್ಲ. ಆದರೆ ಲಿಯೊ ಸ್ಮಿಟ್‌ನ ಆ ಕೊಳಲಿನ ಸೊನಾಟಾಗೆ ಬೇಕಾದವರು ಇಬ್ಬರೇ. ಕೊಳಲು, ಪಿಯಾನೊ ಕಲಿಯುವ ಹುಡುಗ ಹುಡುಗಿಯರು ಫ್ರೇಜರ್ ಟೌನಿನಲ್ಲಿ, ಕಾಕ್ಸ್ ಟೌನಿನಲ್ಲಿ, ಇಂದಿರಾನಗರದಲ್ಲಿ ಬೇಕಾದಷ್ಟಿದ್ದಾರೆ. ಪ್ರತಿ ವರ್ಷ ಅದೇ ಪರೀಕ್ಷೆಯ ತುಣುಕುಗಳನ್ನು ನುಡಿಸುವ ಬದಲು ಮೇಷ್ಟ್ರುಗಳು ಇದನ್ನೊಮ್ಮೆ ಕೈಗೆತ್ತಿಕೊಳ್ಳಲಿ.

ಸಿಂಫನಿಗಳನ್ನು ರೆಕಾರ್ಡಿನಲ್ಲೇ ಕೇಳಬೇಕು, ಅದಕ್ಕೀಗ ಬರವಿಲ್ಲ. ಮಥಿಯಾಸ್ ಬಾಮರ್ಟ್ ಎಂಬ ಸ್ವಿಸ್ ಕಂಡಕ್ಟರ್ ಹೇಗ್‌ನ ರೆಸಿಡೆಂಟಿ ವಾದ್ಯವೃಂದದೊಂದಿಗೆ ಡೊಪ್ಪರ್‌ನನ್ನು ನುಡಿಸಿದ್ದಾರೆ. ಡೇವಿಡ್ ಪೋರ್ಸೆಲೈನ್ ಎಂಬವರು ಯೂಲಿಯಸ್ ರಾಂಟ್‌ಜೆನ್ ಮತ್ತು ವಾನ್ ಗಿಲ್ಸೆ ಸಿಂಫನಿಗಳ ಹಿಂದೆಯೇ ಬಿದ್ದಿದ್ದಾರೆ. ರಾಂಟ್‌ಜೆನ್ ಬಗ್ಗೆ ಹೇಳುವುದು ಮರೆತೇಬಿಡುತ್ತಿದ್ದೆ: ಎಕ್ಸ್-ರೇ ಕಂಡುಹಿಡಿದ ರಾಂಟ್‌ಜೆನ್‌ನ ದೂರದ ಸಂಬಂಧಿ, ಬ್ರಾಮ್ಸ್ ಮತ್ತು ಗ್ರೀಗ್‌ರ ಗೆಳೆಯ. ಇಪ್ಪತ್ತಕ್ಕೂ ಹೆಚ್ಚು ಸಿಂಫನಿ ಬರೆದ, ಬಹುಪಾಲು 1932ರಲ್ಲಿ ತೀರಿಕೊಳ್ಳುವ ಮುಂಚಿನ ಕೆಲವೇ ವರ್ಷಗಳಲ್ಲಿ. ಎಪ್ಪತ್ತು ದಾಟಿದ ಮುದುಕ ಯಾರಾದರೂ ನುಡಿಸಲಿ ಬಿಡಲಿ ಎಂದು ಒಂದರ ಮೇಲೊಂದು ಬರೆಯುತ್ತ ಕೂತದ್ದು ನನಗೆ ಇಷ್ಟ. ಎಲ್ಲವೂ ಚೆನ್ನಾಗಿಲ್ಲ. 1930ರ ಒಂಬತ್ತನೆಯದು, ಎರಡು ಆಧಾರಸ್ವರಗಳನ್ನು ಒಟ್ಟಿಗೇ ನುಡಿಸಿ ನೋಡಿದ್ದು, ಚೆನ್ನಾಗಿದೆ.

ಈಗ ನಾನು ಕೆ.ಆರ್.ಪುರದ ಕಡೆ ಇರುವುದರಿಂದ ಕೇಳುವುದೆಲ್ಲ ಮೆಟ್ರೊದಲ್ಲಿ. ವಿಲ್ಲೆಮ್ ಪೈಪರ್ 1926ರಲ್ಲಿ ಬರೆದ ಮೂರನೇ ಸಿಂಫನಿ ಕೆ.ಆರ್.ಪುರದಲ್ಲಿ ಹತ್ತಿದರೆ ಹೆಚ್ಚುಕಡಿಮೆ ಹಲಸೂರು ಬರುವಷ್ಟರಲ್ಲಿ ಮುಗಿಯುತ್ತದೆ. ಅಷ್ಟು ಬಿಗಿ, ಒಂದು ಮಾತು ಹೆಚ್ಚಿಲ್ಲ. ಹೊಸಬರು ವಿಲ್ಮ್ಸ್‌ನ ಆರನೆಯದರಿಂದ ಶುರುಮಾಡಿ; ಬೀಥೋವನ್ ಗೊತ್ತಿದ್ದವರಿಗೆ ಆ ದಾರಿ ಪರಿಚಿತ. ಆಮೇಲೆ ಡೊಪ್ಪರ್‌ನ ಏಳನೆಯದು, ಒಂದೇ ವಾರದಲ್ಲಿ ನಾಲ್ಕು ಸಲ. ಅದು ಹಿಡಿಸಿದರೆ ಪೈಪರ್, ರಾಂಟ್‌ಜೆನ್. ವರ್ಮ್ಯೂಲೆನ್‌ನ ಎರಡನೆಯದನ್ನು ಕೊನೆಗೆ ಇಟ್ಟುಕೊಳ್ಳಿ. ಅದನ್ನು ಸ್ಪೀಕರಿನಲ್ಲಿ ಜೋರಾಗಿಯೇ ಕೇಳಬೇಕು, ಆದರೆ ಅಪಾರ್ಟ್‌ಮೆಂಟಿನಲ್ಲಿರುವವರು ದಯವಿಟ್ಟು ರಾತ್ರಿ ಹತ್ತರ ಮೇಲೆ ಹಾಕಬೇಡಿ.